ಕುಂದಾಪುರ: ಅಳಿವೆ ಬಾಯಿಯ ಹಳೆಯ ಪೇಟೆಯಲ್ಲಿ ಒಂದು ದಿನ

ಶಹಾಬಾದ್ ಸಮೀಪದ ಭಂಕೂರ ಕಡೆಯಲ್ಲಿ ಸೇವೆ ಸಲ್ಲಿಸುತ್ತಿರುವ ನಮ್ಮ ಗುರುಮಿತ್ರರೊಬ್ಬರು ಕೆಲವು ದಿನಗಳ ಹಿಂದೆ ದೂರವಾಣಿ ಮಾಡಿದ್ದರು. ತಮ್ಮ ಕಡೆಯ ಸುಮಾರು ಐವತ್ತು ಮಂದಿಯನ್ನು ಕರಾವಳಿಗೆ ಕರೆತರುವ ಯೋಚನೆ ಅವರದು. ಆ ಐವತ್ತರಲ್ಲಿ ಹೆಚ್ಚಿನವರು ಇದುವರೆಗೆ ಸಮುದ್ರ ಕಂಡವರಲ್ಲ. "ಒಂದು ದಿನ ಮಂಗಳೂರಿನ ದೊಡ್ಡ ದೇವಾಲಯಗಳನ್ನು ನೋಡುತ್ತೇವೆ. ಇನ್ನೊಂದು ದಿನಕ್ಕೆ ಸಮುದ್ರದ ಬದಿಯ ಹಳೆಯ ಊರೊಂದನ್ನು ನೀವೇ ಹೇಳಿ. ಬರೀ ಕಟ್ಟಡ ತೋರಿಸಿ ಕಳುಹಿಸಬೇಡಿ. ನಮ್ಮದು ಸಣ್ಣ ಸಮುದಾಯ, ಸಣ್ಣ ಸಮುದಾಯವೊಂದು ಹೇಗೆ ಬಾಳಿ ಉಳಿಯಿತು ಎಂಬುದು ನಮ್ಮವರಿಗೆ ಅಲ್ಲಿ ಕಾಣಬೇಕು" ಎಂದರು. ನಾವು ಹೆಚ್ಚು ಯೋಚಿಸದೆ ಕುಂದಾಪುರ ಎಂದು ಹೇಳಿಬಿಟ್ಟೆವು. ಹಾಗೆ ಯಾಕೆ ಹೇಳಿದೆವು ಎಂದು ಆಮೇಲೆ ಕುಳಿತು ಯೋಚಿಸಿದ್ದು ಈ ಬರಹವಾಗಿದೆ.

ನಿಜ ಹೇಳಬೇಕೆಂದರೆ ನಮ್ಮ ಕರಾವಳಿಯ ಧರ್ಮಕೇಂದ್ರಗಳ ಪ್ರವಾಸದ ಬಸ್ಸುಗಳೇ ಕುಂದಾಪುರದಲ್ಲಿ ನಿಲ್ಲುವುದಿಲ್ಲ. ಮಂಗಳೂರಿನಿಂದ ಸುಮಾರು 90 ಕಿ.ಮೀ., ಉಡುಪಿಯಿಂದ 40ಕ್ಕೂ ಕಡಿಮೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗುವಾಗ ಮಕ್ಕಳು ಹಾಡು ಹೇಳುತ್ತಿರುತ್ತಾರೆ, ಹಿರಿಯರು ತೂಕಡಿಸುತ್ತಿರುತ್ತಾರೆ. ಬಸ್ಸು ಶಾಸ್ತ್ರಿ ವೃತ್ತ ದಾಟಿ, ಸೇತುವೆಗಳನ್ನು ದಾಟಿ, ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ ಇನ್ನೊಂದು ಕಡೆ ಕಡಲು ಎಂದು ಫೋಟೊ ತೆಗೆಸಿ, ಮುರುಡೇಶ್ವರದ ಕಡೆ ಓಡುತ್ತದೆ. ನಾಲ್ಕೂವರೆ ಶತಮಾನದ ಇತಿಹಾಸವಿರುವ ಧರ್ಮಕೇಂದ್ರವೊಂದು ಹೆದ್ದಾರಿಯ ಪಕ್ಕದಲ್ಲೇ ಇದೆ ಎಂಬುದು ಬಸ್ಸಿನಲ್ಲಿದ್ದ ಎಷ್ಟೋ ಮಂದಿಗೆ ಗೊತ್ತಾಗುವುದೇ ಇಲ್ಲ. ಈ ಮಾತು ನಮಗೂ ಅನ್ವಯಿಸುತ್ತದೆ. ನಾವೂ ಹಾಗೆ ಹಲವು ಬಾರಿ ದಾಟಿ ಹೋದವರೇ.

ಇಲ್ಲಿ ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ನೀರು. ಬಯಲುಸೀಮೆಯಿಂದ ಬರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಶಹಾಬಾದ್ ಪಕ್ಕದ ಕಾಗಿಣಾ ಭೀಮೆಯನ್ನು ಸೇರಿ, ಭೀಮೆ ಕೃಷ್ಣೆಯನ್ನು ಸೇರಿ, ನೂರಾರು ಮೈಲಿ ಹರಿದು ಬಂಗಾಳ ಕೊಲ್ಲಿಗೆ ಮುಟ್ಟುತ್ತದೆ. ಇಲ್ಲಿನ ಹೊಳೆಗಳು ಹಾಗಲ್ಲ. ಘಟ್ಟದಲ್ಲಿ ಹುಟ್ಟಿ, ಕಡಿದಾಗಿ ಇಳಿದು, ಸ್ವಲ್ಪ ದೂರದಲ್ಲೇ ಕಡಲು ಸೇರುತ್ತವೆ. ಕುಂದಾಪುರದ ಹತ್ತಿರ ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ ಎಂಬ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಒಂದೇ ಬಾಯಿಯಿಂದ ಅರಬ್ಬಿ ಸಮುದ್ರಕ್ಕೆ ಬೀಳುತ್ತವೆ. ಆ ಬಾಯಿಗೆ ನಮ್ಮವರು ಅಳಿವೆ ಎನ್ನುತ್ತಾರೆ. ದಿನಕ್ಕೆ ಎರಡು ಬಾರಿ ಕಡಲು ಉಬ್ಬಿ ಉಪ್ಪುನೀರು ಹೊಳೆಯೊಳಗೆ ನುಗ್ಗುತ್ತದೆ, ಎರಡು ಬಾರಿ ಇಳಿಯುತ್ತದೆ. ಈ ಉಬ್ಬರ ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆದ್ದರಿಂದ ನಿನ್ನೆ ಹೋದವರು ತುಂಬಿದ ಹೊಳೆ ಕಂಡ ಹೊತ್ತಿಗೇ ಮುಂದಿನ ವಾರ ಹೋದವರು ಕೆಸರು ಕಾಣಬಹುದು. ಹಿಂದಿನ ಕಾಲದಲ್ಲಿ ದೊಡ್ಡ ಹಡಗುಗಳು ಅಳಿವೆಯ ಹೊರಗೆ ನಿಂತರೆ, ಸಣ್ಣ ದೋಣಿಗಳು ಉಬ್ಬರದ ಬೆನ್ನೇರಿ ಹೊಳೆಯೊಳಗೆ ಬಂದು, ಸರಕು ತುಂಬಿಕೊಂಡು ಇಳಿತದ ಜೊತೆ ಹೊರಟು ಹೋಗುತ್ತಿದ್ದವು. ಕಡಲಿನ ಈ ಏರಿಳಿತವೇ ಇಲ್ಲಿನ ವ್ಯಾಪಾರಕ್ಕೆ ಗಡಿಯಾರವಾಗಿತ್ತು.

ಆದ ಕಾರಣ ನಮ್ಮ ಸಲಹೆ ಇಷ್ಟು: ಬೆಳಿಗ್ಗೆ ಮೊದಲು ಕುಂದಾಪುರಕ್ಕೆ ಹೋಗಬೇಡಿ, ಬಸರೂರಿಗೆ ಹೋಗಿ. ಕುಂದಾಪುರದಿಂದ ಪೂರ್ವಕ್ಕೆ ಆರೇಳು ಕಿ.ಮೀ., ವಾರಾಹಿಯ ದಡದಲ್ಲಿದೆ. ಸಮುದ್ರ ಕಾಣುವುದಿಲ್ಲ. "ಇದೇನು ಬಂದರು?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು, ಇದೇ ಬಂದರು. ಬಿರುಗಾಳಿಯೂ ಕಡಲ್ಗಳ್ಳರೂ ಸುಲಭವಾಗಿ ಮುಟ್ಟದಷ್ಟು ಒಳಗೆ, ದೋಣಿ ಬರುವಷ್ಟು ಹತ್ತಿರದಲ್ಲಿ, ಘಟ್ಟದ ದಾರಿಯ ಕಡೆಗೆ ಮುಖ ಮಾಡಿ ಹಳಬರು ಪೇಟೆ ಕಟ್ಟಿದ್ದರು. 1342ರ ಸುಮಾರಿಗೆ ಈ ಕರಾವಳಿಯಲ್ಲಿ ಪ್ರಯಾಣಿಸಿದ ಇಬ್ನ್ ಬತೂತ 'ಅಬೂ ಸರೂರ್' ಎಂದು ಬರೆದ, ದೊಡ್ಡ ಹಿನ್ನೀರಿನ ಬದಿಯ, ತೆಂಗಿನ ಮರಗಳಿಂದ ತುಂಬಿದ ಸಣ್ಣ ಊರು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ವಿಜಯನಗರದ ಕಾಲಕ್ಕೆ ಅದು ಸಣ್ಣದಾಗಿ ಉಳಿಯಲಿಲ್ಲ. ಸೆಟ್ಟಿಕಾರರು ಎಂಬ ವರ್ತಕರ ಕೂಟ, ಹಂಜಮಾನ ಎಂಬ ಮುಸ್ಲಿಂ ವರ್ತಕರ ಕೂಟ ಎರಡೂ ಆ ಕಾಲದ ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತವೆ. ಪೋರ್ಚುಗೀಸರ ಬಾಯಲ್ಲಿ ಬಸರೂರು 'ಬಾರ್ಸೆಲೋರ್' ಆಯಿತು.

ಸರಕು ಯಾವುದು? ಕಾಳುಮೆಣಸು ಎಂದು ಎಲ್ಲರೂ ಥಟ್ಟನೆ ಹೇಳುತ್ತಾರೆ. ಮೆಣಸೂ ಇತ್ತು. ಆದರೆ ಈ ಬಂದರಿನ ನಿಜವಾದ ಬಲ ಅಕ್ಕಿ. ಕೆನರಾದ ಅಕ್ಕಿ ಗೋವೆಗೆ ಹೋಗುತ್ತಿತ್ತು, ಹೊರ್ಮುಜ್ ಮತ್ತು ಮಸ್ಕತ್‌ಗೂ ಹೋಗುತ್ತಿತ್ತು. ಪೋರ್ಚುಗೀಸ್ ಗೋವೆ ತನ್ನ ಅನ್ನಕ್ಕೆ ಈ ಹೊಳೆಗಳ ಮೇಲೆ ಬಹುಮಟ್ಟಿಗೆ ಅವಲಂಬಿಸಿತ್ತು. ಭಂಕೂರ ಕಡೆಯ ಬಂಧುಗಳಿಗೆ ಮಧ್ಯಾಹ್ನ ಊಟಕ್ಕೆ ಕುಚ್ಚಲಕ್ಕಿ ಅನ್ನ ಬಡಿಸಿದಾಗ ಈ ಮಾತನ್ನು ಮರೆಯದೆ ಹೇಳಬೇಕು. ಜೋಳದ ರೊಟ್ಟಿ ಬಿಟ್ಟು ಬಂದ ಬೇಸರ ಅಷ್ಟರಿಂದ ಹೋಗುತ್ತದೆಂದು ನಾವು ಹೇಳುವುದಿಲ್ಲ. ಹಾಗಾಗಿ ರೊಟ್ಟಿ ಕಟ್ಟಿಕೊಂಡೇ ಬರಲಿ.

ಬಸರೂರಿನಲ್ಲಿ ಮಹಾಲಿಂಗೇಶ್ವರ ದೇವಸ್ಥಾನವಿದೆ, ಮರದ ಬೇರುಗಳ ನಡುವೆ ನಿಂತ ತುಳುವೇಶ್ವರನ ಗುಡಿಯಿದೆ, ಸಂತ ಫಿಲಿಪ್ ನೇರಿಯವರ ಹೆಸರಿನ ನಮ್ಮ ದೇವಾಲಯವೂ ಇದೆ. ದೇವಸ್ಥಾನಗಳಿಗೆ ಹೋಗುವಾಗ ಅಲ್ಲಿನವರನ್ನು ಮೊದಲು ಕೇಳಿ, ಅವರ ಕ್ರಮ ಪಾಲಿಸಿ. ಇವು ಪೂಜೆ ನಡೆಯುವ ಸ್ಥಳಗಳು. ಪ್ರವಾಸದವರ ಅನುಕೂಲಕ್ಕೆ ಇರುವ ಸ್ಮಾರಕಗಳಲ್ಲ.

ಈಗ ನಮ್ಮವರು ಮುಜುಗರಪಡುವ ಭಾಗಕ್ಕೆ ಬರೋಣ. 1568ರಲ್ಲಿ ಮಂಗಳೂರು, 1569ರಲ್ಲಿ ಹೊನ್ನಾವರ ಮತ್ತು ಬಸರೂರು ಪೋರ್ಚುಗೀಸರ ಕೈಸೇರಿದವು. ಬಸರೂರನ್ನು ಹಿಡಿತದಲ್ಲಿಡಲು ಬಸರೂರಿನಲ್ಲೇ ಕೂರಬೇಕಾಗಿಲ್ಲ, ಅಳಿವೆಯ ಬಾಯಿ ಹಿಡಿದರೆ ಸಾಕು. ಅವರು ಮಾಡಿದ್ದು ಅದನ್ನೇ. ಕೆಳಗೆ, ಇಂದಿನ ಕುಂದಾಪುರದಲ್ಲಿ ಕೋಟೆ ಎಬ್ಬಿಸಿದರು. ಅವರ ಪರವಾನಗಿ ಚೀಟಿ ಇಲ್ಲದ ಹಡಗು ಕಡಲಿನಲ್ಲಿ ಸುರಕ್ಷಿತವಲ್ಲ ಎಂಬ ಸ್ಥಿತಿ ಆಗ ಇತ್ತು. ಸುತ್ತಲಿನ ಅರಸರಿಂದ ಅಕ್ಕಿಯನ್ನು ಕಪ್ಪವಾಗಿ ಪಡೆಯುತ್ತಿದ್ದರು. ಈ ಕೋಟೆಯ ಬೆನ್ನಲ್ಲೇ 1570ರಲ್ಲಿ ಕುಂದಾಪುರದ ಜಪಮಾಲೆ ಮಾತೆಯ ದೇವಾಲಯ, ಅಂದರೆ ಹೋಲಿ ರೋಜರಿ ಚರ್ಚ್, ಸ್ಥಾಪನೆಯಾಯಿತು. ಕೋಟೆಯ ಫಿರಂಗಿಗೂ ದೇವಾಲಯದ ಗಂಟೆಗೂ ಒಂದೇ ವರ್ಷದ ಅಂತರ. ಇದನ್ನು ಮಕ್ಕಳಿಗೆ ಹೇಳದೆ ಮುಚ್ಚಿಡುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ನಾವು ಹೇಳದಿದ್ದರೆ ಬೇರೆ ಯಾರೋ ತಮಗೆ ಬೇಕಾದ ಹಾಗೆ ಹೇಳುತ್ತಾರೆ, ಆಗ ನಮ್ಮ ಹುಡುಗರಿಗೆ ಉತ್ತರ ಇರುವುದಿಲ್ಲ.

ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. 1650ರ ದಶಕದ ಮೊದಲ ಭಾಗದಲ್ಲಿ ಕೆಳದಿಯ ಶಿವಪ್ಪ ನಾಯಕ ಈ ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನೆಲ್ಲ ಗೆದ್ದುಕೊಂಡ. 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾಪಡೆ ಬಸರೂರಿಗೆ ಬಂದು ಭಾರಿ ಸಂಪತ್ತು ಕೊಂಡೊಯ್ದಿತು. ಶಿವಾಜಿ ಬಸರೂರನ್ನು ಪೋರ್ಚುಗೀಸರಿಂದ ಬಿಡಿಸಿದ ಎಂಬ ಮಾತು ಈಗ ಕೇಳಿಬರುತ್ತದೆ. ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಆಗ ಊರು ಕೆಳದಿಯವರ ಆಳ್ವಿಕೆಯಲ್ಲಿತ್ತು ಎಂಬುದು ತಿಳಿಯುತ್ತದೆ. ವಾದ ಮಾಡುವ ಅಗತ್ಯವಿಲ್ಲ, ಇಸವಿ ನೆನಪಿಟ್ಟರೆ ಸಾಕು.

ಇನ್ನು ಕುಂದಾಪುರ ಪೇಟೆಗೆ ಬಂದ ಮೇಲೆ "ಕೋಟೆ ಎಲ್ಲಿ?" ಎಂದು ಹುಡುಕುವವರಿಗೆ ತೋರಿಸಲು ಹೆಚ್ಚೇನೂ ಇಲ್ಲ. ಶಹಾಬಾದ್ ಕಡೆಯವರಿಗೆ ಕಲ್ಲಿನ ವಿಷಯ ನಮಗಿಂತ ಚೆನ್ನಾಗಿ ಗೊತ್ತು. ಅವರ ಕಲ್ಲು ಪದರ ಪದರವಾಗಿ ಏಳುತ್ತದೆ, ಫರಸಿಯಾಗಿ ಊರೂರಿನ ಮನೆಗಳ ನೆಲ ಸೇರುತ್ತದೆ. ಇಲ್ಲಿನದು ಮುರಕಲ್ಲು. ನೆಲದಿಂದ ತೆಗೆಯುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಒಮ್ಮೆ ಚೌಕವಾಗಿ ಕಡಿದ ಮುರಕಲ್ಲನ್ನು ಯಾರೂ ಸುಮ್ಮನೆ ಬಿಡುವುದಿಲ್ಲ, ಮುಂದಿನ ಗೋಡೆಗೆ ಬೇಕಾಗುತ್ತದೆ. ಹೀಗೆ ಕರಾವಳಿಯಲ್ಲಿ ಕೋಟೆಗಳು ಉರುಳಿ ಮನೆಗಳಾಗುತ್ತವೆ. ಅದರ ಮೇಲೆ ವರ್ಷಕ್ಕೆ ನಾಲ್ಕು ತಿಂಗಳ ಮಳೆ ಬೇರೆ.

ಕೋಟೆ ಹೋಯಿತು, ಕೋಟೆಯ ನೆರಳಿನಲ್ಲಿ ಹುಟ್ಟಿದ ಧರ್ಮಕೇಂದ್ರ ಉಳಿಯಿತು. ಹೇಗೆ? ನಮ್ಮ ಗುರುಮಿತ್ರರು ಕೇಳಿದ ಪ್ರಶ್ನೆಗೆ ಉತ್ತರವಿರುವುದು ಇಲ್ಲಿ. ಕೋಟೆಗಳು ಬಿದ್ದ ಮೇಲೆ ಕೆನರಾದ ಕ್ರೈಸ್ತರು ಪರರಾಜ್ಯದ ಪ್ರಜೆಗಳು. ಗುರುಗಳು ವಿರಳ. ರಕ್ಷಣೆಗೆ ಯಾರ ಹಡಗೂ ಇಲ್ಲ. ಆದರೂ ಕೆಳದಿಯ ಅರಸರು ಅವರನ್ನು ಓಡಿಸಲಿಲ್ಲ. 1678ರ ಒಪ್ಪಂದದಲ್ಲಿ ಹಲವು ಊರುಗಳಲ್ಲಿ ದೇವಾಲಯ ಕಟ್ಟಲು ಅನುಮತಿ ಸಿಕ್ಕಿತು. ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ದಾರಿಯಲ್ಲಿ ಕಾಣುವ ಕಲ್ಯಾಣಪುರದ ಮಿಲಾಗ್ರಿಸ್, 2012ರಿಂದ ಉಡುಪಿ ಧರ್ಮಪ್ರಾಂತ್ಯದ ಪ್ರಧಾನಾಲಯವಾಗಿರುವ ದೇವಾಲಯ, ತನ್ನ ಆರಂಭವನ್ನು ಅದೇ 1678ಕ್ಕೆ ಲೆಕ್ಕ ಹಾಕುತ್ತದೆ. ಆಗ ಕೆಳದಿಯಲ್ಲಿ ಆಳುತ್ತಿದ್ದವಳು ರಾಣಿ ಚೆನ್ನಮ್ಮ. ಲಿಂಗವಂತ ರಾಣಿಯ ಆಳ್ವಿಕೆಯಲ್ಲಿ ನಮ್ಮ ಹಿರಿಯರ ಗಂಟೆಗಳು ಮತ್ತೆ ಬಾರಿಸಿದವು. ಕಲಬುರಗಿ ಜಿಲ್ಲೆಯ ಬಂಧುಗಳು ಇದನ್ನು ಊರಿಗೆ ಹೋಗಿ ನೆರೆಯವರಿಗೆ ಹೇಳಬಹುದು.

1681ರಲ್ಲಿ ಗೋವೆಯಿಂದ ಮೂವತ್ತು ವರ್ಷದ ಗುರುವೊಬ್ಬರು ಕೆನರಾಕ್ಕೆ ಬಂದರು. ಬಾಣಾವಲಿಯಲ್ಲಿ 1651ರ ಏಪ್ರಿಲ್ 21ರಂದು ಹುಟ್ಟಿದ ಜೋಸೆಫ್ ವಾಜ್. ಪೋರ್ಚುಗಲ್‌ನವರಲ್ಲ, ಈ ನಾಡಿನವರೇ, ಇಲ್ಲಿನ ಕ್ರೈಸ್ತರು ಮನೆಯಲ್ಲಿ ಆಡುವ ಕೊಂಕಣಿಯನ್ನೇ ತಾಯಿಭಾಷೆಯಾಗಿ ಉಳ್ಳವರು. ಮೂರು ವರ್ಷ ಮಂಗಳೂರಿನಿಂದ ಬಸರೂರು, ಕುಂದಾಪುರ, ಗಂಗೊಳ್ಳಿಯವರೆಗೆ ನಡೆದು ಓಡಾಡಿದರು. ಕುಂದಾಪುರದಲ್ಲಿ ಅವರು ಶಿಲುಬೆಯ ಮುಂದೆ ಪ್ರಾರ್ಥನೆಯಲ್ಲಿ ತಲ್ಲೀನರಾಗಿ ನೆಲದಿಂದ ಮೇಲೆದ್ದುದನ್ನು ಕಂಡವರಿದ್ದರು ಎಂಬ ನಂಬಿಕೆ ಇಲ್ಲಿನ ಜನರಲ್ಲಿ ಹಿಂದಿನಿಂದ ಬಂದಿದೆ. ಮಾರ್ಗದರ್ಶನ ಮಾಡುವವರು ಎಲ್ಲರೂ ಈ ಪವಾಡವನ್ನು ಹೇಳುತ್ತಾರೆ. ಹೇಳಲಿ. ಆದರೆ ಧರ್ಮಕೇಂದ್ರಗಳಲ್ಲಿ ದುಡಿಯುವವರಿಗೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಸಂಗತಿ ಬೇರೊಂದಿದೆ.

ಆಗ ಇಲ್ಲಿನ ಕ್ರೈಸ್ತರು ಎರಡು ಪಂಗಡವಾಗಿದ್ದರು. ಪೋರ್ಚುಗೀಸ್ ಅರಸನ ಪೋಷಣೆಯಲ್ಲಿದ್ದ ಗೋವೆಯ ಆಡಳಿತ ಈ ಪ್ರದೇಶ ತನ್ನದು ಎನ್ನುತ್ತಿತ್ತು. ರೋಮ್ ತಾನೇ ನೇಮಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೊ ಮಂಗಳೂರಿನಲ್ಲಿದ್ದರು. ಯಾರ ಗುರು ಕೊಟ್ಟ ಸಂಸ್ಕಾರ ಸರಿ, ಯಾರದು ತಪ್ಪು ಎಂದು ಬಡ ಜನ ಗೊಂದಲದಲ್ಲಿದ್ದರು. ವಾಜ್ ಬಂದದ್ದು ಗೋವೆಯ ಕಡೆಯ ಅಧಿಕಾರ ಪತ್ರ ಹಿಡಿದು. ಅವರು ತಮ್ಮ ಪಕ್ಷದ ವಾದ ಬಿಡಲಿಲ್ಲ, ಆದರೆ ಬಿಷಪರನ್ನು ಕಂಡು ಗೌರವದಿಂದ ಮಾತನಾಡಿ, ಅವರಿಂದಲೂ ಅನುಮತಿ ಪಡೆದು ಕೆಲಸ ಮಾಡಿದರು. ಜಗಳ ತೀರಲಿಲ್ಲ. 1684ರಲ್ಲಿ ಬಿಷಪ್ ತೀರಿಕೊಂಡರು, ವಾಜ್ ಅದೇ ವರ್ಷ ಗೋವೆಗೆ ಹಿಂತಿರುಗಿದರು. ಆದರೆ ಆ ಮೂರು ವರ್ಷ ಜನರಿಗೆ ಸಂಸ್ಕಾರಗಳು ದೊರೆತವು, ಸಂಶಯ ಕಡಿಮೆಯಾಯಿತು. ಪಾಲನಾ ಮಂಡಳಿಯ ಸಭೆಗಳಲ್ಲಿ ಕುಳಿತು ಅಭ್ಯಾಸವಿರುವ ನಮ್ಮ ಗುರಿಕಾರರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

1685ರಲ್ಲಿ ಅವರು ಗೋವೆಯಲ್ಲಿ ಸಂತ ಫಿಲಿಪ್ ನೇರಿಯವರ ಮಾದರಿಯ ಓರೆಟರಿ ಸಂಘ ಸೇರಿದರು. ಬೆಳಿಗ್ಗೆ ಬಸರೂರಿನಲ್ಲಿ ಕಂಡ ದೇವಾಲಯದ ಹೆಸರು ಇಲ್ಲಿ ಮತ್ತೆ ನೆನಪಾಗಲಿ. 1687ರಲ್ಲಿ ಕೂಲಿಯ ವೇಷದಲ್ಲಿ ಸಿಲೋನಿಗೆ ಹೋದರು. ಅಲ್ಲಿ ಡಚ್ಚರ ಆಡಳಿತದಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶವೇ ಇರಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಮೃತರಾದರು. 1995ರಲ್ಲಿ ಕೊಲಂಬೊದಲ್ಲಿ ಪೋಪ್ ಎರಡನೇ ಜಾನ್ ಪಾವ್ಲ್ ಧನ್ಯರೆಂದೂ, 2015ರ ಜನವರಿ 14ರಂದು ಅದೇ ನಗರದಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದೂ ಘೋಷಿಸಿದರು.

ಇಂದು ಕಾಣುವ ಕುಂದಾಪುರ ದೇವಾಲಯದ ಕಟ್ಟಡ 1570ರದ್ದಲ್ಲ. ಹಳೆಯ ಗೋಡೆ ನೋಡುವ ಆಸೆಯಿಂದ ಬಂದವರು ಬೇಸರಪಡಬಾರದು. 1784ರಲ್ಲಿ ಕೆನರಾದ ಕ್ರೈಸ್ತರನ್ನು ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಮೇಲೆ, 1799ರಲ್ಲಿ ಬದುಕುಳಿದವರು ಮರಳಿ ಬಂದು ಮತ್ತೆ ಕೂಡಿದ ನಾಡು ಇದು. ಇಲ್ಲಿ ಹಳೆಯದೆಂದರೆ ಜನ, ಕಲ್ಲಲ್ಲ. ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತ ಹಿರಿಯರೊಬ್ಬರನ್ನು ಮಾತಿಗೆಳೆಯಿರಿ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕುಂದಾಪ್ರ ಕನ್ನಡ. 'ಹ್ವಾಯ್' ಎಂದು ಕರೆದರೆ ಕಲಬುರಗಿಯ ಕನ್ನಡದವರು ತಿರುಗಿ ನೋಡಿ ನಗುತ್ತಾರೆ, 'ಹೌದ್ರಿ' ಎಂದರೆ ಇವರು ನಗುತ್ತಾರೆ. ಹತ್ತು ನಿಮಿಷದ ಈ ನಗು ಯಾವ ಮಾರ್ಗದರ್ಶಿಯೂ ಕೊಡಲಾರದು.

ಒಂದು ಎಚ್ಚರಿಕೆ. ಕೆಲವು ವರ್ಷಗಳ ಹಿಂದೆ ನಾವೇ ಒಂದು ಗುಂಪನ್ನು ಬೇರೊಂದು ಹಳೆಯ ದೇವಾಲಯಕ್ಕೆ ಮುಂಚಿತವಾಗಿ ತಿಳಿಸದೆ ಕರೆದುಕೊಂಡು ಹೋಗಿದ್ದೆವು. ಮಧ್ಯಾಹ್ನ ಒಂದು ಗಂಟೆ, ಬಾಗಿಲಿಗೆ ಬೀಗ, ಗುರುಗಳು ಅಂತ್ಯಸಂಸ್ಕಾರಕ್ಕೆ ಹೋಗಿದ್ದರು. ಬಿಸಿಲಿನಲ್ಲಿ ನಲ್ವತ್ತು ಮಂದಿ, ಅದರಲ್ಲಿ ಎಂಟು ಮಂದಿ ವಯಸ್ಸಾದ ತಾಯಂದಿರು, ಶೌಚಾಲಯ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ತಪ್ಪು ಪೂರ್ತಿ ನಮ್ಮದು. ಒಂದು ವಾರ ಮೊದಲು ಕಚೇರಿಗೆ ತಿಳಿಸಿ, ಜನರ ಸಂಖ್ಯೆ ಹೇಳಿ, ಬೆಳಿಗ್ಗೆ ಹನ್ನೊಂದರ ಒಳಗೆ ತಲುಪಿ. ನವೆಂಬರ್‌ನಿಂದ ಫೆಬ್ರವರಿಯ ಒಳಗೆ ಬಂದರೆ ಒಳ್ಳೆಯದು. ಘಟ್ಟ ಇಳಿದು ರಾತ್ರಿಯಿಡೀ ಬಸ್ಸಿನಲ್ಲಿ ಬಂದವರಿಗೆ ಮೊದಲ ದಿನವೇ ಈ ಸುತ್ತಾಟ ಇಡಬೇಡಿ. ಭಂಕೂರದಿಂದ ಇಲ್ಲಿಗೆ 500 ಕಿ.ಮೀ.ಗೂ ಹೆಚ್ಚು.

ಊಟದ ನಂತರ ಗಂಗೊಳ್ಳಿ. ಕುಂದಾಪುರದ ದಡದಲ್ಲಿ ನಿಂತರೆ ಎದುರಿಗೇ ಕಾಣುತ್ತದೆ, ದೋಣಿಯಲ್ಲಾದರೆ ಕೆಲವೇ ನಿಮಿಷ. ರಸ್ತೆಯಲ್ಲಿ ಹೋಗಬೇಕಾದರೆ ಹೊಳೆಗಳನ್ನೆಲ್ಲ ಸುತ್ತಿ 15 ಕಿ.ಮೀ.ಗೂ ಹೆಚ್ಚು. ಐದು ಹೊಳೆ ಕೂಡುವುದು ಎಂದರೇನು ಎಂಬುದು ಆ ಸುತ್ತಿನಲ್ಲಿ ಬಸ್ಸಿನ ಚಾಲಕನಿಗೂ ತಿಳಿಯುತ್ತದೆ. ಇಂದು ವ್ಯಾಪಾರದ ಬಂದರು ಬಸರೂರೂ ಅಲ್ಲ, ಕುಂದಾಪುರವೂ ಅಲ್ಲ. ಬದುಕು ಕಾಣುವುದು ಗಂಗೊಳ್ಳಿಯ ಮೀನುಗಾರಿಕಾ ಬಂದರಿನಲ್ಲಿ. ಖಾರ್ವಿಗಳು, ಗೌಡ ಸಾರಸ್ವತರು, ಕ್ರೈಸ್ತರು ಮೂವರೂ ತಮ್ಮ ತಮ್ಮ ಬಗೆಯ ಕೊಂಕಣಿ ಆಡುವ ಊರು ಇದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಬಂದರೆ ಕಟ್ಟಿಹಾಕಿದ ದೋಣಿಗಳಷ್ಟೇ ಕಾಣುತ್ತವೆ. ಬಲೆ ಒಣಹಾಕಿದ ಕಡೆ ಮಕ್ಕಳು ತುಳಿಯದಂತೆ ನೋಡಿಕೊಳ್ಳಿ. ಬಲೆ ಹರಿದರೆ ಒಂದು ಮನೆಯ ದುಡಿಮೆ ಹೋದಂತೆ. ಸಮಯ ಸಾಲದಿದ್ದರೆ ಗಂಗೊಳ್ಳಿಯನ್ನು ಈಚೆ ದಡದಿಂದಲೇ ನೋಡಿದರೂ ಸಾಕು. ಎಲ್ಲ ಕಡೆಗೂ ಓಡಿ ಏನೂ ಕಾಣದಿರುವುದಕ್ಕಿಂತ ಅದು ಮೇಲು.

ಸಂಜೆಗೆ ಮಾತ್ರ ಕೋಡಿಗೆ ಬನ್ನಿ. ಅಳಿವೆಯ ದಕ್ಷಿಣಕ್ಕೆ ಚಾಚಿದ ಮರಳಿನ ನೆಲ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ಅಲೆ ತಡೆಯಲು ಕಡಲಿನೊಳಗೆ ಕಲ್ಲು ಹಾಕಿ ಕಟ್ಟಿದ ಬ್ರೇಕ್‌ವಾಟರ್ ಇಲ್ಲಿದೆ. ಬೆಳಿಗ್ಗೆ ಬಸರೂರಿನಲ್ಲಿ ಕಂಡ ನೀರು ಇಲ್ಲಿ ಕಡಲು ಸೇರುತ್ತದೆ. ಅಕ್ಕಿಯ ದೋಣಿಗಳು ಹೊರಟದ್ದು, ಫಿರಂಗಿಯ ಹಡಗುಗಳು ಬಂದದ್ದು ಎಲ್ಲವೂ ಈ ಬಾಯಿಯಿಂದಲೇ. ಇಳಿತದ ಹೊತ್ತಾದರೆ ಹೊಳೆಯ ನೀರು ಹೊರಗೆ ಓಡುವುದು, ಅಲೆ ಎದುರಿನಿಂದ ತಳ್ಳುವುದು, ಎರಡೂ ಸೇರಿ ನೊರೆಯ ಗೆರೆ ಎಳೆಯುವುದು ಬರಿಗಣ್ಣಿಗೆ ಕಾಣುತ್ತದೆ. ಆ ಗೆರೆಯ ಹತ್ತಿರ ಯಾರನ್ನೂ ನೀರಿಗೆ ಇಳಿಸಬೇಡಿ. ಅಳಿವೆಯ ಸೆಳೆತ ಈಜು ಬಲ್ಲವರನ್ನೂ ಬಿಡುವುದಿಲ್ಲ. ಮೊದಲ ಬಾರಿ ಸಮುದ್ರ ನೋಡುವವರು ಓಡಿ ಹೋಗಿ ಕಾಲು ನೆನೆಸಿಯೇ ನೆನೆಸುತ್ತಾರೆ, ಅದನ್ನು ತಡೆಯಲಾಗದು. ಅಳಿವೆಯಿಂದ ದೂರ, ಅಗಲವಾದ ತೀರದಲ್ಲಿ, ಮೊಣಕಾಲಿನವರೆಗೆ ಮಾತ್ರ, ಇಬ್ಬರು ಸ್ಥಳೀಯ ಯುವಕರು ಜೊತೆಗಿದ್ದು. ನಮ್ಮ ಐ.ಸಿ.ವೈ.ಎಂ.ನ ಹುಡುಗರು ಬರುತ್ತಾರೆ, ನಾವು ಕೇಳಿ ಇಟ್ಟಿದ್ದೇವೆ. ಸೂರ್ಯ ಮುಳುಗಿದ ಮೇಲೆ ಬಸ್ಸು ಹತ್ತಿಸುವಾಗ ಎರಡು ಸಲ ತಲೆ ಎಣಿಸಿ.